ಐನೂರ ಎಂಬತ್ತೆರಡೂವರೆ

ತಂಗಿ ಕಿವಿಗೆ ಏನನ್ನೂ ಹಾಕಿಕೊಳ್ಳದೆ ಖಾಲಿ ಜಾಗ ಹುಡುಕುತ್ತಿದ್ದಾಳೆ ಎನ್ನುವುದೇ ಅವನಿಗೆ ಸಹಿಸಲಾಗಲಿಲ್ಲ. ರಂಗಮಂದಿರದ ಕೊನೆಯ ಸಾಲಿನ ಹಿಂದೆ, ಹದಿನಾಲ್ಕು ವರ್ಷದಿಂದ ಅವನೊಬ್ಬನೇ ಮೊಣಕೈ ಊರಿ ಸವೆಸಿದ ಮೇಜಿನ ಮೇಲೆ, ಅವನ ಮಿಕ್ಸರನ್ನು ಒಂದು ಗೇಣು ಆಚೆ ತಳ್ಳಿ ಅವಳು ಲ್ಯಾಪ್‌ಟಾಪ್ ತೆರೆದಿಟ್ಟಿದ್ದಳು. ಅದಕ್ಕೊಂದು ಸಣ್ಣ ಪೆಟ್ಟಿಗೆ, ಪೆಟ್ಟಿಗೆಗೊಂದು ಆಂಟೆನಾ. ಪರದೆಯ ಮೇಲೆ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ಹರಿಯುತ್ತ ಟಿವಿ ಸ್ಟೇಷನ್ ಇದ್ದ ಕಡೆ ಗುಡ್ಡದ ಹಾಗೆ ಏಳುತ್ತಿತ್ತು, ಯಾರೂ ಇಲ್ಲದ ಕಡೆ ನೆಲ ಹಿಡಿದು ಮಲಗುತ್ತಿತ್ತು. ಮಲಗಿದ ಕಡೆಯೆಲ್ಲ ಅವಳ ವೈರ್‌ಲೆಸ್ ಮೈಕುಗಳಿಗೆ ಜಾಗ. ಹದಿನಾರು ಮೈಕು, ಹದಿನಾರು ಫ್ರೀಕ್ವೆನ್ಸಿ, ನಾಲ್ಕು ನಿಮಿಷ. ಇದೇ ಕೆಲಸಕ್ಕೆ ಅವನಿಗೆ ಒಂದಿಡೀ ಬೆಳಗ್ಗೆ ಬೇಕಾಗುತ್ತಿತ್ತು. ರಿಸೀವರಿನ ಫ್ರೀಕ್ವೆನ್ಸಿಯನ್ನು ಒಂದೊಂದೇ ಮೆಟ್ಟಿಲು ಮೇಲಕ್ಕೆ ಹತ್ತಿಸುತ್ತ, ಹೆಡ್‌ಫೋನನ್ನು ಎರಡೂ ಅಂಗೈಯಿಂದ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದ. ಖಾಲಿ ಜಾಗಕ್ಕೂ ಒಂದು ಸದ್ದಿದೆ, ಬಾಣಲೆಯಲ್ಲಿ ಉಪ್ಪು ಹುರಿದ ಹಾಗೆ. ಆ ಸದ್ದಿನ ಅಡಿಯಲ್ಲಿ ಯಾರಾದರೂ ಉಸಿರು ಬಿಗಿಹಿಡಿದು ಕೂತಿದ್ದಾರೆಯೇ ಎಂದು ಅವನಿಗೆ ತಿಳಿಯುತ್ತಿತ್ತು. ಹೇಗೆ ತಿಳಿಯುತ್ತದೆ ಎಂದು ಯಾರಾದರೂ ಕೇಳಲಿ ಎಂದು ಹದಿನಾಲ್ಕು ವರ್ಷ ಕಾದಿದ್ದ. ಯಾರೂ ಕೇಳಿರಲಿಲ್ಲ.

"ಆಯ್ತು" ಎಂದಳು ಅವಳು, ಪಾತ್ರೆ ತೊಳೆದು ಮುಗಿಸಿದವಳ ಹಾಗೆ.

ಬೆಳಗ್ಗೆ ಒಂಬತ್ತಕ್ಕೆ ನಾಟಕ ಕಂಪನಿಯ ಲಾರಿ ಹಿಂದಿನ ಬಾಗಿಲಿಗೆ ಬಂದಾಗ ಅವನು ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಲಾರಿಯಿಂದ ಇಳಿದ ಕಪ್ಪು ಪೆಟ್ಟಿಗೆಗಳ ಮೇಲೆಲ್ಲ ಅವಳ ಕೈಬರಹವಿತ್ತು, ಮತ್ತು ಆ ಕೈಬರಹ ಅವನದೇ ಆಗಿತ್ತು. ಅವಳಿಗೆ ಅಕ್ಷರ ತಿದ್ದಿಸಿದವನು ಅವನು, ಐದರ ಬಾಲವನ್ನು ಅಷ್ಟು ಉದ್ದ ಎಳೆಯಬೇಡ ಎಂದು ಗದರಿಸಿದವನು ಅವನು. ಈಗ ಆ ಉದ್ದ ಬಾಲದ ಐದುಗಳು ಊರೂರು ಸುತ್ತಿ ಬಂದಿದ್ದವು. ಮ್ಯಾನೇಜರು ಓಡಿಬಂದು "ಬನ್ನಿ ಮೇಡಂ, ಬನ್ನಿ" ಎಂದು ತನ್ನ ಕೋಣೆಯಿಂದಲೇ ದಿಂಬು ಹಾಕಿದ ಕುರ್ಚಿ ತರಿಸಿದ. ಅವಳಿಗೆ ಪಿಂಗಾಣಿ ಕಪ್ಪಿನಲ್ಲಿ ಟೀ ಬಂತು, ಕೆಳಗೆ ಬಸಿ ಸಮೇತ. ಅವನಿಗೆ ಎಂದಿನ ಗಾಜಿನ ಲೋಟ, ಬಾಯಿ ಸ್ವಲ್ಪ ಒಡೆದದ್ದು. ಕಪ್ಪು ಬಸಿಯನ್ನೆಲ್ಲ ಲೆಕ್ಕ ಹಾಕುವ ಬುದ್ಧಿ ತನಗೆ ಯಾವಾಗ ಬಂತೋ ಎಂದು ಅವನಿಗೇ ನಾಚಿಕೆಯಾಯಿತು, ಆದರೂ ಕಣ್ಣು ಬಸಿಯ ಮೇಲೇ ಇತ್ತು. ಅವಳು ಕಂಪನಿಯಲ್ಲಿ ಮಾಡುವುದು ಇದೊಂದೇ ಕೆಲಸವಂತೆ, ಹೋದ ಊರಲ್ಲೆಲ್ಲ ಮೈಕುಗಳಿಗೆ ಗಾಳಿಯಲ್ಲಿ ಜಾಗ ಹುಡುಕಿಕೊಡುವುದು. ಅವನು ಇಲ್ಲಿ ಮೈಕು ನೋಡುತ್ತಾನೆ, ಫ್ಯೂಸ್ ಹಾಕುತ್ತಾನೆ, ಹೆಂಗಸರ ಶೌಚಾಲಯದ ಬಲ್ಬು ಹೋದರೂ ಕರೆಯುವುದು ಅವನನ್ನೇ. "ನಮ್ಮ ಸೌಂಡಣ್ಣ ಇವರ ಸ್ವಂತ ಅಣ್ಣನಂತೆ!" ಎಂದು ಮ್ಯಾನೇಜರು ಕಂಪನಿಯವರಿಗೆಲ್ಲ ಹೇಳಿದ. ಯಾರ ಪರಿಚಯವನ್ನು ಯಾರ ಕಡೆಯಿಂದ ಮಾಡಿಕೊಟ್ಟ ಎನ್ನುವುದನ್ನು ಅವನು ಗಮನಿಸದೆ ಇರಲಿಲ್ಲ.

ಇಪ್ಪತ್ತೆಂಟು ವರ್ಷದ ಹಿಂದೆ ಅವನಿಗೆ ಹದಿನೆಂಟು, ಅವಳಿಗೆ ಹತ್ತು. ಅವನು ಕೆಲಸಕ್ಕಿದ್ದ ಸೌಂಡ್ ಬಾಡಿಗೆ ಅಂಗಡಿಯ ಯಜಮಾನ ಹೊಸ ವೈರ್‌ಲೆಸ್ ಮೈಕೊಂದನ್ನು ಪರೀಕ್ಷೆ ಮಾಡಿಕೊಂಡು ಬಾ ಎಂದು ಮನೆಗೆ ಕಳಿಸಿದ್ದ. ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಟ್ರಾನ್ಸ್‌ಮಿಟರ್ ಜೇಬಿನಲ್ಲಿಟ್ಟುಕೊಂಡು ನಡೆಯಬೇಕು, ನಡೆಯುತ್ತ ಮಾತಾಡುತ್ತಲೇ ಇರಬೇಕು. ಇನ್ನೊಬ್ಬರು ದೂರದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು, ಸ್ಪಷ್ಟವಾಗಿ ಕೇಳಿಸುವಷ್ಟು ಹೊತ್ತು ಕೈ ಎತ್ತಿ ಹಿಡಿಯಬೇಕು, ಸದ್ದು ತುಂಡಾದ ತಕ್ಷಣ ಇಳಿಸಬೇಕು. ನಡೆಯುವವರು ಮಾತ್ರ ಸ್ವಿಚ್ ಮುಟ್ಟಕೂಡದು. ಮುಟ್ಟಿದರೆ ದೂರ ಹೋದದ್ದಕ್ಕೆ ಸದ್ದು ನಿಂತಿತೋ ಆಫ್ ಮಾಡಿದ್ದಕ್ಕೋ ಎಂದು ಕೇಳುವವರಿಗೆ ತಿಳಿಯುವುದಿಲ್ಲ. ಕೇಳುವವರು ಹೇಳಿದ ಮೇಲೆಯೇ ಆಫ್. ಅವಳು ಮಗ್ಗಿ ಹೇಳುತ್ತ ಬೀದಿಯುದ್ದಕ್ಕೂ ನಡೆದಳು, ದರ್ಜಿ ಅಂಗಡಿ ದಾಟಿ, ನೀರಿನ ಟ್ಯಾಂಕ್ ದಾಟಿ. ನಡುನಡುವೆ ತಿರುಗಿ ನೋಡುವಳು, ತಾರಸಿಯ ಮೇಲೆ ಅಣ್ಣನ ಕೈ ಎದ್ದಿರುವುದನ್ನು ಕಂಡು ಮುಂದೆ ಹೋಗುವಳು. ಹದಿಮೂರರ ಮಗ್ಗಿ ಕೈಕೊಟ್ಟಾಗ ಬಾಯಿಗೆ ಬಂದದ್ದು ಮಾತಾಡತೊಡಗಿದಳು. "ಅಣ್ಣ, ಅಪ್ಪ ನಂಗೊಂದು ಗುಟ್ಟು ಹೇಳಿದಾನೆ. ನಿಂಗೆ ಹೇಳಲ್ಲ." ತಾರಸಿಯ ಮೇಲೆ ಅವನ ಕೈ ಇಳಿದುಬಿಟ್ಟಿತು. ತುಂಡಾಯಿತು ಎಂದುಕೊಂಡು ಅವಳು ಅಲ್ಲೇ ನಿಂತಳು. ತುಂಡಾಗಿರಲಿಲ್ಲ, ಗಾಜಿನಷ್ಟು ಸ್ಪಷ್ಟವಾಗಿ ಕೇಳಿಸಿತ್ತು. ಆ ಗುಟ್ಟು ಏನೆಂದು ತಿಳಿದದ್ದು ಎಂಟು ವರ್ಷದ ಮೇಲೆ, ಸೌಂಡ್ ಕಲಿಸುವ ದೂರದ ಕಾಲೇಜಿನಿಂದ ಅವಳ ಹೆಸರಿಗೆ ಕಾಗದ ಬಂದಾಗ: ಅವಳನ್ನು ದೂರ ಕಳಿಸಿ ಓದಿಸುತ್ತೇನೆ ಎಂದು ಅಪ್ಪ ಆಗಲೇ ಮಾತು ಕೊಟ್ಟಿದ್ದ. ಆ ಕಾಗದದ ವಿಷಯ ನೆನಪಿಗೆ ಬಂದಾಗಲೆಲ್ಲ ಅವನು ಬೇರೇನಾದರೂ ಮಾಡಲು ಎದ್ದುಬಿಡುತ್ತಾನೆ. ಈಗಲೂ ಎದ್ದು, ನೆಟ್ಟಗೇ ಇದ್ದ ವೈರಿನ ಸುರುಳಿಯೊಂದನ್ನು ಬಿಚ್ಚಿ ಮತ್ತೆ ಸುತ್ತಿದ.

"ಅಣ್ಣ, ಇದು ನೋಡು ಎಷ್ಟು ಕ್ಲೀನಾಗಿದೆ" ಎಂದು ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. "ಐನೂರ ಎಂಬತ್ತೆರಡೂವರೆ ಮೆಗಾಹರ್ಟ್ಸ್. ಅಕ್ಕಪಕ್ಕ ಒಂದು ನರಪಿಳ್ಳೆ ಇಲ್ಲ. ಇದನ್ನ ಅಮ್ಮನಿಗೇ ಕೊಡ್ತೀನಿ."

ಅಮ್ಮ ಎಂದರೆ ಕಂಪನಿಯ ಹಿರಿಯ ನಟಿ. ಅರವತ್ತು ದಾಟಿದ ಆಕೆಯ ದನಿ ಈಗ ಮೊದಲ ಸಾಲಿಗೂ ಮುಟ್ಟುವುದಿಲ್ಲ, ಮೈಕಿನಿಂದಲೇ ಆಕೆಯ ಬಾಳು. ಹದಿನಾರರಲ್ಲಿ ಎಲ್ಲಕ್ಕಿಂತ ಶುಭ್ರವಾದ ಜಾಗ ಎಲ್ಲಿ ಸಿಕ್ಕರೂ ಅದು ಆಕೆಗೆ, ಅದು ಕಂಪನಿಯ ರಿವಾಜು. ಅವನು ಹಸಿರು ಗೆರೆಯನ್ನು ನೋಡಿದ. ಹಾಸಿದ ಚಾಪೆಯ ಹಾಗೆ ಸಪಾಟಾಗಿತ್ತು. ಬೆಳಗಿನ ಹನ್ನೊಂದಕ್ಕೆ ಅದು ಸಪಾಟಾಗಿಯೇ ಇರುತ್ತದೆ. ಸೋಮವಾರ, ಬುಧವಾರ ದಿನವಿಡೀ ಸಪಾಟು. ಆದರೆ ಮಂಗಳವಾರ, ಗುರುವಾರ, ಶನಿವಾರ ಸಂಜೆ ಆರೂ ನಲವತ್ತಕ್ಕೆ ರಂಗಮಂದಿರದ ಹಿಂದಿನ ಕಟ್ಟಡದ ಎರಡನೇ ಮಹಡಿಯಲ್ಲಿ ಗಣಿತದ ಟ್ಯೂಷನ್ ಮೇಷ್ಟ್ರೊಬ್ಬ ತನ್ನ ಅಗ್ಗದ ತಲೆಮೈಕನ್ನು ಸಿಕ್ಕಿಸಿಕೊಂಡು ಸ್ವಿಚ್ ಒತ್ತುತ್ತಾನೆ, ಸರಿಯಾಗಿ ಐನೂರ ಎಂಬತ್ತೆರಡೂವರೆಯ ಮೇಲೆ. ಇವತ್ತು ಗುರುವಾರ. ನಾಟಕ ಆರಕ್ಕೆ ಶುರು.

ಇದನ್ನು ಅವನು ಕಲಿತದ್ದು ಹನ್ನೊಂದು ವರ್ಷದ ಹಿಂದೆ, ತುಂಬಿದ ಸಭೆಯ ಮುಂದೆ. ರಾಜನ ಪಾತ್ರದವನು ಸತ್ತ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಯಿ ತೆರೆದಾಗ ಸ್ಪೀಕರುಗಳೆಲ್ಲ ಒಟ್ಟಿಗೆ "ಎರಡು ನಲ್ಲಿಗಳು ಸೇರಿ ಒಂದು ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬಿಸಿದರೆ" ಎಂದು ಕೇಳಿದ್ದವು. ಒಂದು ಕ್ಷಣ ಸಭೆ ಅರ್ಥವಾಗದೆ ಕೂತಿತ್ತು. ಆಮೇಲೆ ನಕ್ಕ ನಗು ಅವನ ಮೈಯಿಂದ ಇನ್ನೂ ಇಳಿದಿಲ್ಲ. ರಾಜ ನಕ್ಕ, ಹೆಣವೂ ಹೊಟ್ಟೆ ಕುಲುಕಿಸಿ ನಕ್ಕಿತು. ಅವನ ಬೆರಳು ಮಿಕ್ಸರಿನ ಮೇಲೆ ಎಲ್ಲವನ್ನೂ ಎಳೆದು ಇಳಿಸುತ್ತಿತ್ತು, ಸರಿಯಾದದ್ದೊಂದನ್ನು ಬಿಟ್ಟು. ಆ ರಾತ್ರಿ ಮನೆಯಲ್ಲಿ ಊಟ ಮಾಡಲಿಲ್ಲ. ಬಾಗಿಲ ಕಾವಲಿನವನು ಇವತ್ತಿಗೂ ಅವನು ಒಳಗೆ ಬರುವಾಗ "ಏನ್ ಸೌಂಡಣ್ಣ, ತೊಟ್ಟಿ ತುಂಬ್ತಾ?" ಎನ್ನುತ್ತಾನೆ, ನಮಸ್ಕಾರ ಎನ್ನುವ ಬದಲು. ಆಮೇಲೇ ಅವನು ನೋಟ್‌ಬುಕ್ ಇಟ್ಟದ್ದು. ಯಾವ ಫ್ರೀಕ್ವೆನ್ಸಿ, ಯಾವ ವಾರ, ಎಷ್ಟು ಗಂಟೆಗೆ, ಯಾರು ಬರುತ್ತಾರೆ. ಮೇಲಿನ ಫ್ರೀಕ್ವೆನ್ಸಿಗಳೆಲ್ಲ ಫೋನ್ ಕಂಪನಿಗಳ ಪಾಲಾದ ವರ್ಷ ಅರ್ಧ ನೋಟ್‌ಬುಕ್ಕಿಗೆ ಅಡ್ಡಗೆರೆ ಎಳೆಯಬೇಕಾಯಿತು. ಉಳಿದರ್ಧ ಈ ಕಟ್ಟಡದ ಸುತ್ತಲ ಗಾಳಿಯ ಬಗ್ಗೆ ಇಡೀ ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿದ್ದದ್ದು.

"ನೀನು ಬರೆದಿಡ್ತಿದ್ಯಲ್ಲ ಅಣ್ಣ, ನೋಟ್‌ಬುಕ್ಕು" ಎಂದಳು, ಮನಸ್ಸಿನೊಳಗೆ ಕೈಹಾಕಿ ತೆಗೆದವಳ ಹಾಗೆ. "ಒಂದ್ಸಲ ತೋರಿಸು. ಮಶೀನು ಈ ಹೊತ್ತಿಂದು ಮಾತ್ರ ಹೇಳುತ್ತೆ. ಸಂಜೆದು ನೀನೇ ಹೇಳ್ಬೇಕು."

ನೋಟ್‌ಬುಕ್ ಮೇಜಿನ ಕೆಳಗಿನ ಚೀಲದಲ್ಲಿ ಅವನ ಕಾಲಿಗೆ ತಾಗಿಕೊಂಡಿತ್ತು. ಒಂದು ಸಾಲು ಹೇಳಿದರೆ ಮುಗಿಯಿತು. ಆ ಸಾಲು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಅವಳು ಬಸಿಯ ಮೇಲೆ ಕಪ್ಪನ್ನು ಮೆಲ್ಲಗೆ ಇಟ್ಟ ಸದ್ದಾಯಿತು.

"ಅಯ್ಯೋ, ಅದೆಲ್ಲ ಹಳೇ ಕಾಲದ್ದು ಪುಟ್ಟಿ. ಎಲ್ಲೋ ಹೋಯ್ತು."

"ಹೋಗ್ಲಿ, ನೆನಪಿಂದಾನೇ ಹೇಳು. ಏನಾದ್ರೂ ತೊಂದರೆ ಕೊಡೋದು ಇದ್ಯಾ?"

"ಏನಿಲ್ಲ" ಎಂದ. ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಆಶ್ಚರ್ಯವಾಯಿತು. ಅವಳು ನಂಬಿದಳು. ನಂಬಿದ್ದಕ್ಕೂ ಅವಳ ಮೇಲೆ ಸಿಟ್ಟು ಬಂತು. ಅಣ್ಣನ ಮಾತು ಅಂದರೆ ಪರೀಕ್ಷೆಯನ್ನೂ ಮಾಡದೆ ಒಪ್ಪಿಕೊಳ್ಳುವಷ್ಟು ಸುಖವಾಗಿ ಬೆಳೆದಿದ್ದಾಳೆ.

ಎರಡು ಗಂಟೆಗೆ ನಡೆದು ನೋಡುವ ಕೆಲಸ. ಕಂಪನಿಯವರೆಲ್ಲ ಊಟಕ್ಕೆ ಹೋಗಿದ್ದರು. ಹದಿನೇಳನೆಯ ಟ್ರಾನ್ಸ್‌ಮಿಟರೊಂದು ಇಂಥದ್ದಕ್ಕೆಂದೇ ಇರುತ್ತದೆ. ಅದನ್ನು ತಾನೇ ಕೇಳುತ್ತೇನೆಂದು, ಅವಳನ್ನು ನಡೆಸುತ್ತೇನೆಂದು ಅವನು ಹೆಡ್‌ಫೋನಿಗೆ ಕೈ ಚಾಚುವಷ್ಟರಲ್ಲಿ ಅವಳು ಟ್ರಾನ್ಸ್‌ಮಿಟರನ್ನು ಅವನ ಅಂಗಿಯ ಜೇಬಿಗೆ ಇಳಿಸಿ, ಅಕ್ಕಿಕಾಳಿನಷ್ಟು ಸಣ್ಣ ಮೈಕನ್ನು ಕಾಲರಿನ ಅಡಿಗೆ ಸಿಕ್ಕಿಸಿ, ಹಳೆಯ ಸಲಿಗೆಯಿಂದ ಕಾಲರನ್ನು ಒಮ್ಮೆ ತಟ್ಟಿದಳು. "ನಡಿ ಅಣ್ಣ. ಇಷ್ಟು ವರ್ಷ ನನ್ನ ನಡೆಸಿದ್ಯಲ್ಲ." ನಗುತ್ತಲೇ ಹೇಳಿದ್ದು. ಅವನು ವೇದಿಕೆಯ ಮೇಲೆ ಹೋಗಿ ಈ ತುದಿಯಿಂದ ಆ ತುದಿಗೆ ನಡೆದ. ಒಂದು, ಎರಡು, ಮೂರು. ಖಾಲಿ ಕುರ್ಚಿಗಳ ಆಚೆ ಅವಳ ಕೈ ಎದ್ದಿತ್ತು. ನಾಲ್ಕು, ಐದು. "ಎಣಿಸ್ಬೇಡ, ಏನಾದ್ರೂ ಮಾತಾಡು" ಎಂದು ಅವಳು ಕೂಗಿದಳು. ಏನು ಮಾತಾಡಬೇಕು? ಹತ್ತು ವರ್ಷದ ಹುಡುಗಿಗೆ ಬೀದಿ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ನಲವತ್ತಾರರ ಗಂಡಸಿಗೆ ಮೂವತ್ತು ಅಡಿ ವೇದಿಕೆಗೆ ಸಾಲುವಷ್ಟು ಮಾತಿಲ್ಲ. "ಇದು ಹಲಗೆ. ಇದು ಪರದೆ. ಇದು ಹಗ್ಗ" ಎನ್ನುತ್ತ ಹೋದ. ಬಾಲವಾಡಿಯ ಮಗು ಚಿತ್ರ ತೋರಿಸಿ ಹೇಳಿದ ಹಾಗಿತ್ತು. ವೇದಿಕೆಯ ಹಿಂದಿನ ಓಣಿಗೆ ಹೋದ, ಬಣ್ಣದ ಕೋಣೆಗೆ ಹೋದ, ಕನ್ನಡಿಯಲ್ಲಿ ಒಬ್ಬ ದಪ್ಪ ಮನುಷ್ಯ ಕಾಲರಿಗೆ ಮಾತಾಡುತ್ತ ಬರುವುದು ಕಂಡಿತು. "ಇದು ಕನ್ನಡಿ" ಎಂದ. ಅಲ್ಲಿಂದ ಹಿಂದಿನ ಬಾಗಿಲಿಗೆ ಬರುವಷ್ಟರಲ್ಲಿ ಕಾವಲಿನವನು ಅಪ್ಪನ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿಸುತ್ತಿದ್ದ. "ಸೌಂಡಣ್ಣ, ನಿಮ್ಮ ತಂದೆಯೋರು. ಆಟೋದಲ್ಲಿ ಒಬ್ರೇ ಬಂದವ್ರೆ! ಮಗಳು ಕೆಲಸ ಮಾಡೋದು ನೋಡ್ಬೇಕಂತೆ."

ಆರಕ್ಕೆ ನಾಟಕ, ಐದಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಬೆಳಗ್ಗೆ ಕೂಗಿ ಕೂಗಿ ಹೇಳಿ ಬಂದಿದ್ದ. ಹದಿನಾಲ್ಕು ವರ್ಷದಲ್ಲಿ ಮಗ ಕೆಲಸ ಮಾಡುವುದನ್ನು ನೋಡಲು ಅಪ್ಪ ಒಂದು ದಿನವೂ ಬಂದಿರಲಿಲ್ಲ. ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಕೂಗಿದ ಮನುಷ್ಯ ಅಪ್ಪ. ತಲೆಯ ಪಕ್ಕದಲ್ಲೇ ಇದ್ದ ದೊಡ್ಡ ಹಾರ್ನು ಎಡಗಿವಿಯನ್ನು ಪೂರ್ತಿ ತಿಂದುಹಾಕಿತ್ತು, ಬಲಗಿವಿಯಲ್ಲಿ ಅಷ್ಟಿಷ್ಟು ಉಳಿದಿತ್ತು. ಓಣಿಯ ಬೆಂಚಿನ ಮೇಲೆ ಕೂರಿಸಿ ಅವನು ಅಪ್ಪನ ಎಡಕ್ಕೆ ಕೂತ. ಅದು ಅವನ ಜಾಗ. ಮನೆಯಲ್ಲಿಯೂ ಸಂಜೆ ಜಗಲಿಯಲ್ಲಿ ಎಡಕ್ಕೇ ಕೂರುತ್ತಾನೆ. ಯಾರಿಗೂ ಹೇಳಲಾಗದ್ದನ್ನು ಆ ಸತ್ತ ಕಿವಿಗೆ ಮೆಲ್ಲಗೆ ಹೇಳುವುದು ಎಷ್ಟೋ ವರ್ಷದ ಚಟ. ಮ್ಯಾನೇಜರನ್ನು ಬಯ್ದದ್ದು, ಹೆಂಡತಿಯೊಡನೆ ಆಡಿದ ಸುಳ್ಳು, ಹೊಟ್ಟೆಯೊಳಗಿನ ಹೆದರಿಕೆ. ತುಟಿ ಅಲುಗುವುದು ಓರೆಗಣ್ಣಿಗೆ ಕಂಡು ಅಪ್ಪ ಮರ್ಯಾದೆಗೆ "ಹೂಂ" ಎನ್ನುತ್ತಾನೆ. ಆ ಹೂಂ ಕೇಳಿದರೆ ಅವನಿಗೆ ಭಾರ ಇಳಿದ ಹಾಗಾಗುತ್ತದೆ.

"ಎಲ್ಲಿ ಪುಟ್ಟಿ?" ಎಂದ ಅಪ್ಪ ಗಟ್ಟಿಯಾಗಿ. "ಕೆಲಸದಲ್ಲಿದ್ದಾಳಾ? ಇರ್ಲಿ ಇರ್ಲಿ, ಕರೀಬೇಡ. ಗಾಳೀಲಿ ಜಾಗ ಹುಡುಕ್ತಾಳಂತೆ ಕಣೋ. ಗಾಳೀಲಿ! ನಮ್ಮ ಮನೇಲಿ ಹುಟ್ಟಿದ್ದು ಅದು." ಅಪ್ಪನ ಮುಖದಲ್ಲಿ ಬೆಳಕಿತ್ತು. ಆ ಬೆಳಕನ್ನು ನೋಡುತ್ತ ಅವನ ಮೈಯೆಲ್ಲ ಉರಿದುಹೋಯಿತು.

"ಅಪ್ಪ" ಎಂದ ಎಡಗಿವಿಗೆ. "ಇವತ್ತು ಆರೂ ನಲವತ್ತಕ್ಕೆ ನಿನ್ನ ಮಗಳ ಮರ್ಯಾದೆ ಮೂರು ಕಾಸಾಗುತ್ತೆ. ಐನೂರ ಎಂಬತ್ತೆರಡೂವರೇಲಿ ಟ್ಯೂಷನ್ ಮೇಷ್ಟ್ರು ಬರ್ತಾನೆ. ನಂಗೆ ಗೊತ್ತು. ಕೇಳಿದ್ಳು, ಹೇಳ್ಲಿಲ್ಲ."

"ಹೂಂ" ಎಂದ ಅಪ್ಪ.

"ಅವಳಿಗೆ ಎಲ್ಲಾ ಕಲಿಸ್ದೋನು ನಾನು. ನನ್ನ ನಡೆಸ್ತಾಳೆ ಇವತ್ತು, ಗಿಣಿ ಮಾತಾಡಿಸ್ದಂಗೆ ಮಾತಾಡಿಸ್ತಾಳೆ. ಹೊಟ್ಟೆ ಉರಿಯುತ್ತಪ್ಪ. ಒಂದೇ ಒಂದ್ಸಲ ಅವಳೂ ಸೋಲ್ಬೇಕು. ನಾಲ್ಕು ಜನ ನಗ್ಬೇಕು. ಒಂದೇ ಒಂದ್ಸಲ."

"ಹೌದೌದು" ಎಂದ ಅಪ್ಪ. "ಗಟ್ಟಿಗಿತ್ತಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಾಯಿ ಒಮ್ಮೆ ತೆರೆದರೆ ಒಳಗಿನದೆಲ್ಲ ಒಂದರ ಹಿಂದೆ ಒಂದು ಬರುತ್ತದೆ, ಸಂತೆಗೆ ಹೊರಟ ದನಗಳ ಹಾಗೆ. "ಅವಳ ಕಾಲೇಜಿನ ಕಾಗದ ಬಂದಿತ್ತಲ್ಲ, ತಡವಾಗಿ ಬಂತು ಅಂತ ಅಂಚೆಯವನನ್ನ ಬಯ್ದ್ಯಲ್ಲ ನೀನು. ಅದು ತಡ ಆಗಿರ್ಲಿಲ್ಲಪ್ಪ. ಮೂರು ದಿನ ನನ್ನ ಹಾಸಿಗೆ ಕೆಳಗಿತ್ತು. ಕಾಲೇಜು ಸೇರೋ ಕೊನೇ ದಿನ ದಾಟಿಬಿಡ್ಲಿ ಅಂತ ಇಟ್ಕೊಂಡಿದ್ದೆ. ಆಮೇಲೆ ಧೈರ್ಯ ಸಾಲ್ಲಿಲ್ಲ, ಕೊಟ್ಟೆ." ಆ ಮೂರು ರಾತ್ರಿ ಹಾಸಿಗೆಯಡಿಯಿಂದ ಕಾಗದ ಬೆನ್ನಿಗೆ ಒತ್ತುತ್ತಿದ್ದದ್ದು, ಅಷ್ಟು ತೆಳುವಾದ ಕಾಗದ ಅಷ್ಟು ಒತ್ತುತ್ತಿದ್ದದ್ದು ಅವನಿಗೆ ಈಗಲೂ ಬೆನ್ನಿನಲ್ಲಿ ತಿಳಿಯುತ್ತಿತ್ತು. ನಾಲ್ಕನೆಯ ದಿನ ಕೊಟ್ಟಾಗ ಅವಳು ಬಸ್ಸಿಗೆ ಓಡಿದ್ದಳು, ಚಪ್ಪಲಿಯ ಬಾರು ಹಾಕಿಕೊಳ್ಳದೆ. ಅಪ್ಪ ಆ ಬಸ್ಸನ್ನು ಎರಡು ನಿಮಿಷ ನಿಲ್ಲಿಸಲು ಮೈಕಿನಲ್ಲಿ ಕೂಗಿದ್ದ.

"ಹೂಂ" ಎಂದ ಅಪ್ಪ. ಅವನಿಗೆ ಭಾರ ಇಳಿಯಲಿಲ್ಲ ಇವತ್ತು.

ಮೂರೂವರೆಗೆ ಅಪ್ಪನನ್ನು ಒಳಗೆ ಕರೆದೊಯ್ದು ಮೂರನೇ ಸಾಲಿನಲ್ಲಿ ಕೂರಿಸಿದಾಗ ತಂಗಿ ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಅದನ್ನು ನೋಡಿ ಅವನಿಗೆ ಒಂದು ಸಣ್ಣ ಖುಷಿಯಾಯಿತು: ಕೊನೆಗೂ ಕಿವಿಯೇ ಬೇಕಾಯಿತಲ್ಲ, ನಿನ್ನ ಹಸಿರು ಗೆರೆ ಎಲ್ಲಿ ಹೋಯಿತು? ಅವಳು ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ ಅಪ್ಪನ ಹತ್ತಿರ ಬಂದಳು. ಅಪ್ಪನ ಬಲಕ್ಕೆ ಕೂತಳು. ಯಾವಾಗಲೂ ಬಲಕ್ಕೇ ಕೂರುತ್ತಾಳೆ. ಕಿವಿಗೆ ಬಾಯಿಟ್ಟು ಏನೋ ಹೇಳಿದಳು, ಅಪ್ಪ ನಕ್ಕ. ನಿಜವಾದ ನಗು, ಕೇಳಿಸಿಕೊಂಡ ನಗು. ಆಮೇಲೆ ಅವಳು ತಲೆ ಎತ್ತಿ ಅಣ್ಣನ ಕಡೆ ನೋಡಿದಳು. "ಊಟ ಮಾಡಿದ್ಯಾ?" ಎಂದಳು. "ಆಯ್ತು" ಎಂದ. ಆಗಿರಲಿಲ್ಲ. ಅವಳು ಇನ್ನೇನೂ ಕೇಳದೆ ಮೇಜಿಗೆ ವಾಪಸು ಹೋದಳು. ಅವಳ ನಡಿಗೆಯಲ್ಲಿ ಬೆಳಗಿನ ಚುರುಕು ಇರಲಿಲ್ಲ, ದಣಿದಿರಬೇಕು ಎಂದುಕೊಂಡ. ದಣಿಯಲಿ ಎಂದೂ ಅಂದುಕೊಂಡ.

ಆರಕ್ಕೆ ದೀಪ ಆರಿತು. ಅವನಿಗೆ ಇವತ್ತು ಕೆಲಸವೇ ಇರಲಿಲ್ಲ. ಮಿಕ್ಸರಿನ ಮುಂದೆ ಕಂಪನಿಯವನೇ ಕೂತಿದ್ದ, ಪಕ್ಕದಲ್ಲಿ ತಂಗಿ. ಅವನು ಪಕ್ಕದ ಬಾಗಿಲಿಗೆ ಒರಗಿ ನಿಂತ. ಎದುರಿಗೆ ಗೋಡೆಯ ಗಡಿಯಾರದ ಮುಳ್ಳು ಹಸಿರಾಗಿ ಹೊಳೆಯುತ್ತಿತ್ತು. ಹತ್ತು ನಿಮಿಷ, ಹದಿನೈದು. ಹದಿನೈದು ದನಿಗಳು ಒಂದಕ್ಕೊಂದು ತಾಗದೆ, ಬಾವಿಯ ನೀರಿನ ಹಾಗೆ ತಿಳಿಯಾಗಿ ಬರುತ್ತಿದ್ದವು. ಈ ಸಭಾಂಗಣದಲ್ಲಿ ಇಷ್ಟು ತಿಳಿಯಾದ ಸದ್ದನ್ನು ಅವನು ಒಂದು ದಿನವೂ ಕೇಳಿಸಿರಲಿಲ್ಲ, ಅದು ಅವನಿಗೆ ಗೊತ್ತಾಗುತ್ತಿತ್ತು, ಬೇರೆ ಯಾರಿಗೆ ಗೊತ್ತಾಗದಿದ್ದರೂ ಅವನಿಗೆ ಗೊತ್ತಾಗುತ್ತಿತ್ತು. ಆರೂವರೆಗೆ ಹಿರಿಯ ನಟಿ ಬಂದಳು. ಹಣೆಯ ಮೇಲೆ ಕೂದಲಿನೊಳಗೆ ಬಚ್ಚಿಟ್ಟ ಮೈಕು. ಆಕೆ ಖಾಲಿ ತೊಟ್ಟಿಲಿನ ಮುಂದೆ ಕೂತು, ಸಭೆಯತ್ತ ನೋಡದೆ, ಪಿಸುದನಿಯಲ್ಲಿ ಮಾತಾಡತೊಡಗಿದಳು. ಕೆಮ್ಮುವವರು ಕೆಮ್ಮು ನಿಲ್ಲಿಸಿದರು. ಮೂರನೇ ಸಾಲಿನಲ್ಲಿ ಅಪ್ಪ ಬಲಗಿವಿಗೆ ಅಂಗೈ ಅಡ್ಡ ಹಿಡಿದು, ಕುತ್ತಿಗೆ ಮುಂದೆ ಚಾಚಿ ಕೂತಿದ್ದ. ಅಪ್ಪನಿಗೆ ಕೇಳಿಸುತ್ತಿತ್ತು. ಆ ಮುದುಕಿಯ ಪಿಸುಮಾತು ಅಪ್ಪನಿಗೆ ಕೇಳಿಸುತ್ತಿತ್ತು! ಇನ್ನು ಏಳು ನಿಮಿಷಕ್ಕೆ ಆ ಅಂಗೈಯೊಳಗೆ ಎರಡು ನಲ್ಲಿಗಳು ಬಂದು ತೊಟ್ಟಿ ತುಂಬಿಸುತ್ತವೆ. ಎಲ್ಲರೂ ನಗುತ್ತಾರೆ, ಮುದುಕಿ ತೊಟ್ಟಿಲಿನ ಮೇಲೆ ಕೈಯಿಟ್ಟುಕೊಂಡೇ ಪೆಚ್ಚಾಗಿ ಕೂತುಬಿಡುತ್ತಾಳೆ, ಏನಾಯಿತೆಂದು ಅಪ್ಪ ಅಕ್ಕಪಕ್ಕದವರನ್ನು ಗಟ್ಟಿಯಾಗಿ ಕೇಳುತ್ತಾನೆ. ಅವನು ಬಯಸಿದ್ದು ಇದನ್ನೇ. ಬೆಳಗಿನಿಂದ ಇದನ್ನೇ ಜಗಿದು ರುಚಿ ನೋಡಿದ್ದ. ಈಗ ಅದು ಗಂಟಲಿನಿಂದ ಕೆಳಗೆ ಇಳಿಯಲೊಲ್ಲದು. ಮುಳ್ಳು ಮೂವತ್ತೈದಕ್ಕೆ ಬಂತು. ಹೇಳಿದರೆ, ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎನ್ನುತ್ತಾಳೆ. ಹೇಳದಿದ್ದರೆ ಅವಳಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಮೂವತ್ತಾರು. ಕಾಲು ತಾನಾಗಿ ಹೊರಟಿತು.

ಕತ್ತಲಲ್ಲಿ ಕುರ್ಚಿಯ ಕೈಗೆ ಮಂಡಿ ಬಡಿದುಕೊಂಡು, ಯಾರದೋ ಕಾಲು ತುಳಿದು ಮೇಜಿನ ಹತ್ತಿರ ಬಂದ. ಬಾಗಿ, ಬೆವರುತ್ತ, ಅವಳ ಕಿವಿಗೆ ಹೇಳಿದ: "ಪುಟ್ಟಿ, ಅಮ್ಮಂದು ಬದಲಾಯಿಸು. ಐನೂರ ಎಂಬತ್ತೆರಡೂವರೇಲಿ ಬೇರೆಯವ್ರು ಬರ್ತಾರೆ. ಇನ್ನು ನಾಲ್ಕು ನಿಮಿಷ. ನಂಗೆ ಈಗ ನೆನಪಾಯ್ತು."

ಅವಳು ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದಳು. "ಬದಲಾಯಿಸಿದೀನಿ" ಎಂದಳು. "ಮೂರು ಗಂಟೆಗೇ."

"ಯಾರು ಹೇಳಿದ್ರು?"

"ನೀನೇ." ಪೆನ್ಸಿಲಿನ ತುದಿಯಿಂದ ಅವನ ಕಾಲರನ್ನು ಮುಟ್ಟಿ ತೋರಿಸಿದಳು. "ನಾನು ಆಫ್ ಅನ್ನೋಕೆ ಮುಂಚೆ ನೀನು ಅಪ್ಪನ ಹತ್ರ ಕೂತ್ಕೊಂಡೆ."

ಅವನ ಬೆರಳು ಕಾಲರಿನ ಅಡಿಗೆ ಹೋಯಿತು. ಅಕ್ಕಿಕಾಳು ಅಲ್ಲೇ ಇತ್ತು. ಜೇಬಿಗೆ ಕೈ ಹಾಕಿದ, ಟ್ರಾನ್ಸ್‌ಮಿಟರು ಜ್ವರ ಬಂದ ಮೈಯಷ್ಟು ಬಿಸಿಯಾಗಿತ್ತು, ಹಸಿರು ದೀಪ ಉರಿಯುತ್ತಿತ್ತು. ನಡೆಯುವವನು ಸ್ವಿಚ್ ಮುಟ್ಟಕೂಡದು. ಇಪ್ಪತ್ತೆಂಟು ವರ್ಷದ ರೂಢಿ, ಕೈ ಅದರ ಕಡೆ ಹೋಗಿಯೇ ಇರಲಿಲ್ಲ. ಅವಳು ರಿಸೀವರೊಂದರ ಗುಂಡಿ ತಿರುಗಿಸಿ ಹೆಡ್‌ಫೋನಿನ ಒಂದು ಬದಿಯನ್ನು ಅವನ ಕಿವಿಗೆ ಹಿಡಿದಳು. ಉಪ್ಪು ಹುರಿಯುವ ಸದ್ದು. ಗಡಿಯಾರದ ಮುಳ್ಳು ನಲವತ್ತಕ್ಕೆ ಬಂದಾಗ ಆ ಸದ್ದು ಕತ್ತರಿಸಿದ ಹಾಗೆ ನಿಂತು ಒಬ್ಬ ಮನುಷ್ಯ ಗಂಟಲು ಸರಿಮಾಡಿಕೊಂಡ. "ಎಲ್ಲಾರೂ ಬಂದ್ರಾ? ಮೊನ್ನೆ ಲೆಕ್ಕ ಯಾರು ಮಾಡಿದೀರಿ?" ಎಂದ. ಹನ್ನೊಂದು ವರ್ಷದಲ್ಲಿ ಆ ದನಿಗೆ ವಯಸ್ಸಾಗಿತ್ತು. ವೇದಿಕೆಯ ಮೇಲೆ ಮುದುಕಿ ಅಡೆತಡೆಯಿಲ್ಲದೆ ಅಳುತ್ತಿದ್ದಳು. ಯಾರೂ ನಗಲಿಲ್ಲ.

"ಚೆನ್ನಾಗಿ ಬರ್ತಿದಾನೆ" ಎಂದಳು ತಂಗಿ, ಕೆಲಸದ ಮಾತು ಆಡುವವಳ ದನಿಯಲ್ಲಿ. ಆಮೇಲೆ ಹೆಡ್‌ಫೋನನ್ನು ಎರಡೂ ಕಿವಿಗೆ ಹಾಕಿಕೊಂಡು ಪರದೆಯತ್ತ ತಿರುಗಿದಳು. ಬಯ್ದಿದ್ದರೆ ಅವನಿಗೆ ನಿಲ್ಲಲು ನೆಲ ಸಿಗುತ್ತಿತ್ತು. ಮಧ್ಯಾಹ್ನದಿಂದ ಎಲ್ಲ ಗೊತ್ತಿದ್ದೂ ಊಟ ಮಾಡಿದೆಯಾ ಎಂದು ಕೇಳಿದ್ದಳು. ಇದನ್ನು ಅವಳಿಗೆ ಯಾರು ಕಲಿಸಿದರು? ಅವನಂತೂ ಕಲಿಸಿರಲಿಲ್ಲ. ಇಷ್ಟಾದರೂ, ಮೈಯೆಲ್ಲ ನಾಚಿಕೆಯಿಂದ ತೊಯ್ದು ನಿಂತಾಗಲೂ, ಅವನಿಗೆ ಮತ್ತೆ ಹೊಟ್ಟೆಕಿಚ್ಚೇ ಆಯಿತು. ತಡೆದುಕೊಳ್ಳುವುದರಲ್ಲಿಯೂ ಅವಳೇ ಮುಂದೆ.

ಅವನು ಬಂದ ದಾರಿಯಲ್ಲೇ ಹಿಂದೆ ಸರಿದು, ಗೋಡೆಯ ಪಕ್ಕದ ಇಳಿಜಾರಿನಲ್ಲಿ ಕೆಳಗೆ ನಡೆದು, ವೇದಿಕೆಯ ಪಕ್ಕದ ಬಾಗಿಲ ಹತ್ತಿರ ಬಂದ. ಅಲ್ಲಿಂದ ಮೂರನೇ ಸಾಲು ಕಾಣುತ್ತಿತ್ತು. ಅಪ್ಪನ ಅಂಗೈ ಇನ್ನೂ ಕಿವಿಯ ಹಿಂದೆಯೇ ಇತ್ತು, ಕೆನ್ನೆ ಒದ್ದೆಯಾಗಿತ್ತು. ಐನೂರ ಎಂಬತ್ತೆರಡೂವರೆಯನ್ನು ಅವಳು ಬದಲಾಯಿಸಿದ್ದಳು. ಅದು ಬದಲಾಯಿಸಬಹುದಾದದ್ದು. ಉಳಿದದ್ದು? ಅಪ್ಪನಿಗೆ ಹೇಳಿದ ಉಳಿದದ್ದು ಯಾವ ಮಾತಿನವರೆಗೆ ಅವಳಿಗೆ ಮುಟ್ಟಿತು ಎಂದು ಅವನಿಗೆ ತಿಳಿಯಬೇಕಿತ್ತು. ಓಣಿಯ ಗೋಡೆ ದಪ್ಪ. ಅಲ್ಲಿ ಎಷ್ಟೋ ಸಲ ತುಂಡಾಗುತ್ತದೆ, ನೋಟ್‌ಬುಕ್ಕಿನಲ್ಲಿ ಬರೆದಿದ್ದಾನೆ. ಜೇಬಿನೊಳಗೆ ಹಸಿರು ದೀಪ ಬಟ್ಟೆಯಾಚೆಗೂ ಕಾಣುತ್ತಿತ್ತು. ಅವಳು ಇನ್ನೂ ಆಫ್ ಎಂದಿರಲಿಲ್ಲ.

ಅವನು ಗಲ್ಲವನ್ನು ಕಾಲರಿಗೆ ಒತ್ತಿದ. "ಒಂದು" ಎಂದ, ಉಸಿರಿನಲ್ಲಿ. "ಎರಡು."

ಸಭೆಯ ತಲೆಗಳ ಆಚೆ, ಲ್ಯಾಪ್‌ಟಾಪಿನ ಬೆಳಕಿನ ಎದುರಿಗೆ, ಒಂದು ಕೈ ಮೇಲೆ ಎದ್ದಿತು.

"ಕಾಗದದ್ದು" ಎಂದ. ಗಲ್ಲವನ್ನು ಇನ್ನಷ್ಟು ಒತ್ತಿ ಮತ್ತೆ ಹೇಳಿದ. "ಕಾಗದದ್ದೂ ಕೇಳಿಸ್ತಾ ಪುಟ್ಟಿ?"

ಕೈ ಇಳಿಯಲಿಲ್ಲ. ಅವನು ಅದು ಇಳಿಯಲಿ ಎಂದು ನೋಡುತ್ತ ನಿಂತ. ಅದು ಹಾಗೆಯೇ ಇತ್ತು, ಅಲುಗದೆ, ನೆಟ್ಟಗೆ, ಅವನು ಹೇಳಿಕೊಟ್ಟ ಹಾಗೆಯೇ.